ಲಕ್ಕವ್ವನ ಜಿಗುಪ್ಸೆ

ಕೈಗವಸು ಒಂದೇ ಜೊತೆ ಇತ್ತು. ಪಾಯದ ಗುಂಡಿಗೆ ಮದ್ದು ಸುರಿಯುವ ಹೆಂಗಸರು ಎಂಟು ಮಂದಿ. ಹಾಗೆಂದು ಯಾರಿಗೂ ಅನ್ಯಾಯವಾಗಲಿಲ್ಲ. ಸರದಿಯ ಪ್ರಕಾರ ಎಲ್ಲರಿಗೂ ತೊಡಿಸಿದರು, ಒಬ್ಬೊಬ್ಬರಿಗೆ ಒಂದು ಫೋಟೋ ತೆಗೆಯುವಷ್ಟು ಹೊತ್ತು.

ಕಾಪುವಿನ ಕಡಲ ಬದಿಯಲ್ಲಿ, ದೀಪಸ್ತಂಭ ಕಾಣುವಷ್ಟು ದೂರದಲ್ಲಿ, ಪ್ರಖ್ಯಾತ್ ಎಂಬವರ ಬಂಗಲೆ ಏಳುವುದರಲ್ಲಿತ್ತು. ಸದ್ಯಕ್ಕೆ ಪಾಯ ತೋಡಿದ್ದಷ್ಟೇ. ಪ್ರಖ್ಯಾತ್ ಇರುವುದು ಅಬುಧಾಬಿಯಲ್ಲಿ. ಅಲ್ಲಿ ಒಂದು ದೊಡ್ಡ ಕಂಪನಿಯಲ್ಲಿ ಸೇಫ್ಟಿ ಆಫೀಸರ್. ಆ ಕಂಪನಿಯಲ್ಲಿ ಹೆಲ್ಮೆಟ್ ಇಲ್ಲದೆ ಬೆಕ್ಕು ಕೂಡ ಗೇಟು ದಾಟುವಂತಿಲ್ಲ ಎಂದು ಕಂಟ್ರಾಕ್ಟರ್ ಸರ್ವೋತ್ತಮರು ತಮ್ಮದೇ ಕಂಪನಿಯೋ ಎಂಬಂತೆ ಹೇಳಿಕೊಳ್ಳುತ್ತಿದ್ದರು. ತಮ್ಮ ಸ್ವಂತ ಮನೆಯ ಕೆಲಸದಲ್ಲಿ ಯಾರ ಉಗುರಿಗೂ ನೋವಾಗಬಾರದು, ದಿನಾ ಫೋಟೋ ಬರಬೇಕು ಎಂದು ಪ್ರಖ್ಯಾತರ ಕಟ್ಟಪ್ಪಣೆ. ಅದಕ್ಕೊಂದು ವಾಟ್ಸಾಪ್ ಗ್ರೂಪು. ಗ್ರೂಪಿನ ಹೆಸರು ‘ಸೇಫ್ಟಿ ಫಸ್ಟ್’. ಫೋಟೋ ಹೋದ ಕೂಡಲೇ ಅಬುಧಾಬಿಯಿಂದ ಒಂದು ಹಳದಿ ಹೆಬ್ಬೆಟ್ಟು ಬರುತ್ತಿತ್ತು. ಎಲ್ಲರೂ ಕ್ಷೇಮ ಎಂದು ಅದರ ಅರ್ಥ.

ಫೋಟೋ ತೆಗೆಯುವ ಕೆಲಸ ರಾಜಶ್ರೀಯದು. ಬಾದಾಮಿ ಕಡೆಯ ಹುಡುಗಿ. ಅವ್ವ ಲಕ್ಕವ್ವ, ಅಪ್ಪ ಮಾನಪ್ಪನ ಜೊತೆಗೆ ಕಲ್ಲು ಹೊರಲು ಬಂದವಳು. ಏಳನೆಯ ತರಗತಿಗೆ ಶಾಲೆ ಬಿಟ್ಟಿದ್ದಳು. ಹೊರಗಿನವರ ಎದುರು ಮಾತಾಡಬೇಕಾಗಿ ಬಂದರೆ ಓಢಣಿಯ ತುದಿಯನ್ನು ಬೆರಳಿಗೆ ಸುತ್ತುತ್ತಾ ನೆಲ ನೋಡುತ್ತಿದ್ದಳು. ಸರ್ವೋತ್ತಮರಿಗೆ ಅದು ಬಹಳ ಹಿಡಿಸಿತ್ತು. “ಈ ಹುಡುಗಿ ಒಳ್ಳೆಯದು ಮಾರಾಯ, ಬಾಯಿಯೇ ಇಲ್ಲ” ಎಂದು ಮೆಚ್ಚಿಕೊಂಡು, ತಾವು ಕಾರ್ಕಳದ ಇನ್ನೊಂದು ಸೈಟಿನಲ್ಲಿದ್ದ ದಿನವೂ ಫೋಟೋ ತಪ್ಪಬಾರದೆಂದು ಅವಳ ಮೊಬೈಲನ್ನೇ ಗ್ರೂಪಿಗೆ ಸೇರಿಸಿದ್ದರು. ಬಾಯಿ ಇಲ್ಲದವಳಿಗೆ ಕಣ್ಣು ಎರಡು ಇದ್ದವು. ಅದನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

“ಹಾಂ, ಮುಂದಿನವರು ಬನ್ನಿ. ಮಹಾಲಕ್ಷ್ಮಿ, ಮಾಸ್ಕ್ ಮೂಗಿನ ಮೇಲೆ ಎಳೆ. ಕೈ ಎರಡೂ ಮೇಲೆ ಮಾಡು, ಗ್ಲೌಸ್ ಕಾಣಬೇಕಲ್ವಾ?” ಎಂದರು ಸರ್ವೋತ್ತಮರು.

ಮಹಾಲಕ್ಷ್ಮಿ ಕೈ ಎತ್ತಿದಳು. ರಾಜಶ್ರೀ ಫೋಟೋ ತೆಗೆದಳು.

“ಸಾವ್ಕಾರ್ರ, ಇದನ್ನ ಹಾಕ್ಕೊಂಡ ಕೆಲಸಾ ಮಾಡ್ಲೇನ್ರಿ? ಆ ನೀರ ಬಿದ್ರ ಕೈ ಉರೀತಾವ.”

“ಬೇಡ ಬೇಡ, ಕೊಡು ಇಲ್ಲಿ. ಹರಿದು ಹೋದರೆ ಉಳಿದವರ ಫೋಟೋಕ್ಕೆ ಎಂತ ಮಾಡುವುದು?”

ಗೆದ್ದಲು ಹಿಡಿಯದ ಹಾಗೆ ಪಾಯಕ್ಕೆ ಸುರಿಯುವ ಮದ್ದು ಅದು. ಮದ್ದಿನ ಕಂಪನಿಯವನೊಬ್ಬ ಮೊದಲ ದಿನ ಬಿಳಿ ಕೋಟು ಹಾಕಿಕೊಂಡು ಬಂದು, ಮೊದಲ ಬಕೆಟ್ಟು ಕಲಸಿ, ತನ್ನದೂ ಒಂದು ಫೋಟೋ ತೆಗೆಸಿಕೊಂಡು, ಸ್ಕೂಟರಿನಲ್ಲಿ ಹೋದವನು ಮತ್ತೆ ಬರಲಿಲ್ಲ. ಉಳಿದದ್ದಕ್ಕೆ ಹೆಂಗಸರಿದ್ದರು. ನೀಲಿ ಡ್ರಮ್ಮಿನಿಂದ ಕಂದು ಬಣ್ಣದ ಎಣ್ಣೆಯಂಥದ್ದು ಒಂದಿಷ್ಟು ಬಿದ್ದರೆ ಸಾಕು, ಬಕೆಟ್ಟಿನ ನೀರು ಹಾಲಾಗುತ್ತಿತ್ತು. ನೋಡಲು ಹಾಲು, ಮೂಗಿಗೆ ಸೀಮೆಎಣ್ಣೆಗೆ ಬೆಳ್ಳುಳ್ಳಿ ಅರೆದು ಹಾಕಿದಂತೆ. ಆ ಹಾಲನ್ನು ಬರಿಗೈಯಲ್ಲಿ ಮೊಗೆದು, ಬರಿಗಾಲಲ್ಲಿ ಗುಂಡಿಗಿಳಿದು, ಗೋಡೆ ತಳ ಎಲ್ಲ ನೆನೆಯುವ ಹಾಗೆ ಸುರಿಯಬೇಕು. ಲಕ್ಕವ್ವ ಎಲ್ಲರಿಗಿಂತ ಚುರುಕು. ಅವಳ ಸೀರೆ ಮೊಣಕಾಲಿನವರೆಗೆ ನೆನೆದು ಮೈಗಂಟಿತ್ತು.

“ಲಕ್ಕವ್ವನನ್ನು ನೋಡಿ ಕಲಿಯಿರಿ” ಎಂದರು ಸರ್ವೋತ್ತಮರು, ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ ದೂರದಲ್ಲಿ ನಿಂತು. “ಹತ್ತು ವರ್ಷ ಗ್ಯಾರಂಟಿ ಉಂಟು ಇದಕ್ಕೆ.”

ಗ್ಯಾರಂಟಿ ಪಾಯಕ್ಕೆ. ಸುರಿದವರಿಗೆ ಅಂಥದ್ದೇನೂ ಇರಲಿಲ್ಲ.

ಆಯುಧಪೂಜೆಯ ದಿನ ಸೈಟಿನಲ್ಲಿ ಕಾಂಕ್ರೀಟು ಕಲಸುವ ಯಂತ್ರಕ್ಕೆ ಹೂ ಹಾಕಿ ಕುಂಬಳಕಾಯಿ ಒಡೆದರು. ಎಲ್ಲರಿಗೂ ಅವಲಕ್ಕಿ ಕೊಟ್ಟರು. ಲಕ್ಕವ್ವನಿಗೆ ಅವಲಕ್ಕಿಯ ಜೊತೆಗೆ ಖಾಲಿಯಾದ ನೀಲಿ ಡ್ರಮ್ಮನ್ನೂ ಕೊಟ್ಟರು. ಗಟ್ಟಿ ಪ್ಲಾಸ್ಟಿಕ್ಕಿನದು, ತಿರುಗಿಸಿ ಹಾಕುವ ಕರಿಯ ಮುಚ್ಚಳವಿರುವಂಥದ್ದು. ಡ್ರಮ್ಮಿನ ಮೇಲಿದ್ದ ಲೇಬಲ್ಲನ್ನು ಸರ್ವೋತ್ತಮರು ಕೂತು ಬ್ಲೇಡಿನಿಂದ ತಾವೇ ಕೆರೆದು ತೆಗೆದಿದ್ದರು. ಕೊಡುವ ಉಡುಗೊರೆ ಚೊಕ್ಕವಾಗಿರಬೇಕಲ್ಲ.

“ನೀರು ತುಂಬಿಸಿಡು. ಸೋಪು ಹಾಕಿ ತೊಳೆದರೆ ಆಯಿತು. ನಮ್ಮ ಕುಕ್ಕುಂದೂರಿನ ಮನೆಯಲ್ಲೂ ಇಂಥದ್ದೇ ಉಂಟು.”

ಲಕ್ಕವ್ವ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಅವಳಿಗೆ ಬೇಕಾಗಿದ್ದದ್ದು ಡ್ರಮ್ಮಿಗಿಂತ ಹೆಚ್ಚಾಗಿ ಮುಚ್ಚಳ. ಹೋದ ವಾರವಷ್ಟೇ ಆಶಾ ಕಾರ್ಯಕರ್ತೆ ಕೆಲಸದವರು ವಾಸವಿದ್ದ ಶೆಡ್ಡುಗಳಿಗೆ ಬಂದು, ತೆರೆದ ತಗಡಿನ ಡಬ್ಬದ ನೀರಿಗೆ ಟಾರ್ಚು ಬಿಟ್ಟು, ಅದರಲ್ಲಿ ಕುಣಿಯುತ್ತಿದ್ದ ಹುಳಗಳನ್ನು ಎಲ್ಲರಿಗೂ ತೋರಿಸಿ ಹೋಗಿದ್ದಳು. “ಡೆಂಗ್ಯೂ ಉಂಟು ಅಮ್ಮ. ಕುಡಿಯುವ ನೀರಿಗೆ ಮುಚ್ಚಳ ಇರಲೇಬೇಕು.” ಎಂಟು ಶೆಡ್ಡಿನವರ ಎದುರು ತನ್ನ ನೀರಿನಲ್ಲೇ ಹುಳ ಸಿಕ್ಕಿತೆಂದು ಲಕ್ಕವ್ವ ಎರಡು ದಿನ ತಲೆ ಎತ್ತಿರಲಿಲ್ಲ. ಈಗ ಇಡೀ ಸಾಲಿನಲ್ಲಿ ಮುಚ್ಚಳವಿದ್ದದ್ದು ಅವಳೊಬ್ಬಳ ನೀರಿಗೆ.

ಬೂದಿ ಹಚ್ಚಿ ತಿಕ್ಕಿದಳು. ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಸೋಪಿನ ಪುಡಿ ಹಾಕಿ ಕಲಕಿದಳು. ಒಂದಿಡೀ ದಿನ ಬಿಸಿಲಿಗೆ ಬೋರಲು ಹಾಕಿದಳು. ಅಷ್ಟಾದರೂ ಮುಚ್ಚಳ ತೆಗೆದಾಗ ವಾಸನೆ ಸ್ವಲ್ಪ ಬರುತ್ತಿತ್ತು.

“ಯವ್ವಾ, ಇನ್ನೂ ನಾರತೈತಿ” ಎಂದಳು ರಾಜಶ್ರೀ.

“ಸಾವ್ಕಾರ್ರ ಮನ್ಯಾಗೂ ಇದ ಐತಂತ. ಅವರು ಕುಡೀತಾರ, ನಮಗೇನ ಆಗತೈತಿ? ನಾವೇನ ಅವರಕಿಂತ ನಾಜೂಕೇನ?”

ಡ್ರಮ್ಮಿಗೆ ಅರಿಸಿನ ಕುಂಕುಮ ಹಚ್ಚಿ ಮೂಲೆಯಲ್ಲಿ ಇಟ್ಟಳು. ಪಕ್ಕದ ಶೆಡ್ಡಿನ ಮಹಾಲಕ್ಷ್ಮಿ ಬಂದು ಬಾಗಿಲಲ್ಲೇ ನಿಂತು ಕಣ್ಣು ತುಂಬ ನೋಡಿದಳು.

“ಯಕ್ಕಾ, ಇನ್ನ ನಿನ್ನ ಮನಿ ಸೊಳ್ಳಿ ಎಲ್ಲಾ ನಮ್ಮನಿಗೆ ಬರ್ತಾವ ನೋಡ.”

“ಬರ್ಲಿ ಬಿಡ. ನಿಮ್ಮ ಡಬ್ಬ್ಯಾಗ ಈಸಾಡ್ಲಿ ಪಾಪ.”

ಬೆಳಗ್ಗೆ ಎದ್ದು ಬಾಯಿ ಮುಕ್ಕಳಿಸಿ ಒಂದು ಚೊಂಬು ನೀರು ಗಟಗಟ ಕುಡಿಯುವುದು ಲಕ್ಕವ್ವನ ಹಳೆಯ ಪದ್ಧತಿ. ಆ ಮೇಲೆಯೇ ಒಲೆ. ಮಾನಪ್ಪ ಹೋಟೆಲಿನ ಚಹಾದಲ್ಲೇ ದಿನ ಕಳೆಯುವವನು. ರಾಜಶ್ರೀಗೆ ಆ ವಾಸನೆ ಆಗುತ್ತಿರಲಿಲ್ಲ. ಸೈಟಿನ ನಲ್ಲಿಗೇ ಬಾಯಿ ಹಚ್ಚುತ್ತಿದ್ದಳು. ಹಾಗಾಗಿ ಡ್ರಮ್ಮಿನ ಭಾಗ್ಯ ಹೆಚ್ಚಾಗಿ ಲಕ್ಕವ್ವನಿಗೇ ದಕ್ಕಿತು.

ತಲೆನೋವು ಮೊದಲು ಬಂತು. ಕಡಲ ಗಾಳಿ ಎಂದಳು ಲಕ್ಕವ್ವ. ಹೊಟ್ಟೆ ನುಲಿಯತೊಡಗಿತು. ಕುಚ್ಚಲಕ್ಕಿ ಒಗ್ಗಲಿಲ್ಲ ಎಂದಳು. ಕಣ್ಣಲ್ಲಿ ಸುಮ್ಮಸುಮ್ಮನೆ ನೀರು ಸುರಿಯಿತು. ಸಿಮೆಂಟಿನ ದೂಳು. ರಾತ್ರಿ ಜೊಲ್ಲು ಹರಿದು ದಿಂಬು ನೆನೆಯಿತು. ಅದಕ್ಕೆ ಮಾತ್ರ ಅವಳಿಗೆ ಕಾರಣ ಹೊಳೆಯಲಿಲ್ಲ. ನಕ್ಕು, “ಸಣ್ಣ ಕೂಸಾಗೇನಿ ನೋಡ” ಎಂದಳು. ತೋಳಿನ ಮಾಂಸ ಚರ್ಮದ ಒಳಗೆ ತಾನೇ ತಾನಾಗಿ ಕುಣಿಯುವುದನ್ನು ರಾಜಶ್ರೀ ನೋಡಿದಳು. ಒಳಗೆ ಹುಳ ಹರಿದ ಹಾಗೆ.

ಸರ್ವೋತ್ತಮರ ಕಿವಿಗೂ ವಿಷಯ ಬಿತ್ತು. ಅವರಿಗೆ ವೈದ್ಯಕೀಯವೂ ಗೊತ್ತಿತ್ತು.

“ನಿಮಗೆ ಇಲ್ಲಿಯ ಹವೆ ಆಗುವುದಿಲ್ಲ. ಎಳನೀರು ಕುಡಿಯಿರಿ. ಮತ್ತೆ, ನೀರು ಚೆನ್ನಾಗಿ ಕುಡಿಯಬೇಕು.”

ಲಕ್ಕವ್ವ ಅವರ ಮಾತು ಮೀರುವವಳಲ್ಲ. ಇನ್ನೊಂದು ಚೊಂಬು ಹೆಚ್ಚಿಗೆ ಕುಡಿದಳು.

ಪಾಯದ ಗೋಡೆ ಮೇಲೆ ಬಂದು, ಮಣ್ಣು ತುಂಬಿದ ಮೇಲೆ ಮದ್ದು ಇನ್ನೊಂದು ಸಲ ಸುರಿಯಬೇಕಿತ್ತು. ಮತ್ತೆ ಅದೇ ಕೈಗವಸು, ಅದೇ ಎಂಟು ಫೋಟೋ, ಅಬುಧಾಬಿಯಿಂದ ಅದೇ ಹೆಬ್ಬೆಟ್ಟು. ಆ ದಿನ ಲಕ್ಕವ್ವ ಸಂಜೆಯವರೆಗೆ ಸುರಿದಳು. ಒದ್ದೆ ಸೀರೆಯಲ್ಲೇ ಅಡುಗೆ ಮಾಡಿ, ಒದ್ದೆ ಸೀರೆಯಲ್ಲೇ ಒರಗಿದಳು. ಮರುದಿನ ಬೆಳಗ್ಗೆ ಚೊಂಬು ನೀರು ಕುಡಿದು, ಹೊಸಿಲು ದಾಟುವಾಗ ಹಾಗೆಯೇ ಕುಸಿದಳು. ಬಾಯಲ್ಲಿ ನೊರೆ. ಮೈಯೆಲ್ಲ ಬೆವರು. ಎದೆಯೊಳಗೆ ಕೆಸರು ಕಲಕಿದಂತೆ ಸದ್ದು. ರಾಜಶ್ರೀ ಅವ್ವನ ರೆಪ್ಪೆ ಎತ್ತಿ ನೋಡಿದಳು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಚಿಕ್ಕದಾಗಿತ್ತು.

ಉಡುಪಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಲೊರ್ನಾ ಎಂಬ ಚಿಕ್ಕ ವಯಸ್ಸಿನವರಿದ್ದರು. ಲಕ್ಕವ್ವನ ಗಂಟಲಿಗೆ ಕೊಳವೆ ಇಳಿಸಿ, ಉಸಿರಿನ ಯಂತ್ರಕ್ಕೆ ಹಾಕಿ, ಹೊರಗೆ ಬಂದು ಕೇಳಿದರು.

“ಎಂತ ಕುಡಿದದ್ದು ಅವರು?”

“ಏನೂ ಕುಡ್ದಿಲ್ರಿ” ಎಂದ ಮಾನಪ್ಪ. “ಚಾ ಸುದ್ದಾ ಕುಡ್ದಿಲ್ಲ.”

“ಎಲ್ಲರೂ ಹೀಗೆಯೇ ಹೇಳುವುದು. ಮನೆಯಲ್ಲಿ ಜಗಳ ಎಂತಾದರೂ?”

“ಜಗಳಾ ದಿನಾ ಇರತೈತ್ರಿ. ಇವತ್ತ ಇನ್ನೂ ಚಾಲೂ ಆಗಿರ್ಲಿಲ್ಲ.”

ಡಾಕ್ಟರಿಗೆ ನಗು ಬರುವಂತಾಯಿತು, ತಡೆದುಕೊಂಡರು. ನರ್ಸು ತಂದುಕೊಟ್ಟ ಸೀರೆಯ ಕಟ್ಟನ್ನು ಮೂಗಿನ ಹತ್ತಿರ ಹಿಡಿದವರು ತಟ್ಟನೆ ದೂರ ಮಾಡಿದರು. “ಈ ಸೀರೆ ಎಲ್ಲಿ ಒದ್ದೆಯಾದದ್ದು?”

ಮಾನಪ್ಪ ಮಗಳ ಮುಖ ನೋಡಿದ. ರಾಜಶ್ರೀ ನೆಲ ನೋಡುತ್ತಾ, ಒಂದೊಂದೇ ಮಾತು ಎತ್ತಿಟ್ಟ ಹಾಗೆ, ಗುಂಡಿಯ ಸಂಗತಿ ಹೇಳಿದಳು. ಮದ್ದಿನ ಸಂಗತಿ ಹೇಳಿದಳು. ಡ್ರಮ್ಮಿನ ಸಂಗತಿಗೆ ಬಂದಾಗ ಡಾಕ್ಟರು ಕುರ್ಚಿ ಎಳೆದು ಕೂತರು.

“ನೋಡು, ನರ ಉಂಟಲ್ಲ, ಅದು ಮೈಯ ಒಂದೊಂದು ಭಾಗಕ್ಕೂ ‘ಕೆಲಸ ಮಾಡು’ ಅಂತ ಹೇಳಿ ಕಳಿಸ್ತದೆ. ಮಾಡಿ ಆದ ಮೇಲೆ ‘ಸಾಕು’ ಅನ್ನಲಿಕ್ಕೂ ಒಳಗೆ ಒಂದು ವಸ್ತು ಇರ್ತದೆ. ಈ ವಿಷ ಆ ‘ಸಾಕು’ ಅನ್ನುವುದನ್ನು ಕಟ್ಟಿಹಾಕ್ತದೆ. ಆಮೇಲೆ ಕಣ್ಣು, ಬಾಯಿ, ಹೊಟ್ಟೆ, ಎದೆ ಎಲ್ಲ ಕೆಲಸ ಮಾಡ್ತಾನೇ ಇರ್ತವೆ. ನಿಲ್ಲಿಸುವವರೇ ಇಲ್ಲ. ಕಡೆಗೆ ಉಸಿರಾಡುವ ಸ್ನಾಯು ಸೋತು ಮಲಗಿಬಿಡ್ತದೆ. ಕುಡಿದರೇ ಆಗಬೇಕು ಅಂತ ಇಲ್ಲ. ಚರ್ಮದಿಂದಲೂ ಹೋಗ್ತದೆ.”

ರಾಜಶ್ರೀಗೆ ಇದು ಚೆನ್ನಾಗಿ ಅರ್ಥವಾಯಿತು. ಅವ್ವನಿಗೆ ‘ಸಾಕು’ ಎಂದು ಯಾರಾದರೂ ಹೇಳಿದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಸರ್ವೋತ್ತಮರು ಇಷ್ಟು ದಿನ ಹೊರಗಿನಿಂದ ಮಾಡಿದ್ದನ್ನೇ ವಿಷ ಒಳಗಿನಿಂದ ಮಾಡಿತ್ತು. ವಿಷಕ್ಕೆ ಹೊಸದಾಗಿ ಕಲಿಯಲು ಏನೂ ಇರಲಿಲ್ಲ.

“ಆ ಡ್ರಮ್ಮಿನ ನೀರು ಇನ್ನೂ ಉಂಟಾ?”

“ಅರ್ಧ ಐತ್ರಿ.”

“ಚೆಲ್ಲಬೇಡಿ. ಯಾರೂ ಮುಟ್ಟುವುದೂ ಬೇಡ. ಪರೀಕ್ಷೆಗೆ ಕಳಿಸಬೇಕು. ಅದು ಇದ್ದರೆ ನಿನ್ನ ಅಮ್ಮ ಹೇಳಬೇಕಾದ್ದನ್ನು ಅದೇ ಹೇಳ್ತದೆ.”

ಮಧ್ಯಾಹ್ನ ಸರ್ವೋತ್ತಮರು ಬಂದರು, ಒಂದು ಚೀಲ ಆ್ಯಪಲ್ ಹಿಡಿದುಕೊಂಡು. ಕೊಳವೆ ಹಾಕಿಕೊಂಡು ಮಲಗಿದವಳು ಆ್ಯಪಲ್ ಹೇಗೆ ತಿನ್ನುತ್ತಾಳೆ ಎಂದು ಅವರು ಯೋಚಿಸಿರಲಾರರು. ಆಸ್ಪತ್ರೆಗೆ ಬರಿಗೈಯಲ್ಲಿ ಬರಬಾರದು ಎಂಬ ಸಂಸ್ಕಾರವಷ್ಟೇ. ಅವರ ಹಿಂದೆ ಠಾಣೆಯ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಇದ್ದರು. ವಿಷದ ಕೇಸು ಬಂದರೆ ಹೇಳಿಕೆ ಬರೆದುಕೊಳ್ಳಲೇಬೇಕಂತೆ. ಹೇಳಿಕೆ ಆಗಲೇ ಬರೆದು ಆಗಿತ್ತು. ಹೇಳುವವನಿಗೆ ಸುಮ್ಮನೆ ತೊಂದರೆ ಯಾಕೆ?

ಹೆಡ್ ಸಾಹೇಬರು ಗಂಟಲು ಸರಿ ಮಾಡಿಕೊಂಡು ಓದಿದರು.

“‘ನನ್ನ ಹೆಂಡತಿ ಲಕ್ಕವ್ವಳು ಸಂಸಾರದಲ್ಲಿ ಆಗಾಗ ನಡೆಯುತ್ತಿದ್ದ ಜಗಳದಿಂದ ಮನನೊಂದು, ಜೀವನದಲ್ಲಿ ಜಿಗುಪ್ಸೆಗೊಂಡು, ಯಾವುದೋ ವಿಷ ಪದಾರ್ಥವನ್ನು ಸೇವಿಸಿರುತ್ತಾಳೆ. ಈ ಬಗ್ಗೆ ನನಗೆ ಯಾರ ಮೇಲೆಯೂ ಸಂಶಯ ಇರುವುದಿಲ್ಲ.’ ಇಷ್ಟೇ. ಇಲ್ಲಿ ಹೆಬ್ಬೆಟ್ಟು ಒತ್ತು.”

ಮಾನಪ್ಪ ಕೈ ಕಟ್ಟಿ ನಿಂತಿದ್ದ. “ಜಿಗುಪ್ಸಿ ಅಂದ್ರ ಏನ್ರಿ ಸಾಹೇಬ್ರ?”

“ಬೇಜಾರು ಮಾರಾಯ. ಬದುಕಿದ್ದು ಸಾಕು ಅಂತ ಆಗುವುದು.”

ಮಾನಪ್ಪ ಹೆಂಡತಿಯ ದಿನವನ್ನು ಬೆಳಗಿನಿಂದ ರಾತ್ರಿಯವರೆಗೆ ಮನಸ್ಸಿನಲ್ಲೇ ಒಮ್ಮೆ ತಿರುವಿ ನೋಡಿದವನಂತೆ ಕಂಡ.

“ಅಕೀಗೆ ಅದಕ್ಕೆಲ್ಲಾ ಹೊತ್ತ ಎಲ್ಲೈತ್ರಿ.”

ಸರ್ವೋತ್ತಮರು ಅವನ ಹೆಗಲ ಮೇಲೆ ಕೈ ಇಟ್ಟರು. ಅವರು ಮಾನಪ್ಪನನ್ನು ಮುಟ್ಟಿದ್ದು ಅದೇ ಮೊದಲು.

“ಮಾನಪ್ಪ, ಹೀಗೆ ಬರೆದರೆ ಆಸ್ಪತ್ರೆಯದ್ದು ಎಲ್ಲ ನಾನು ನೋಡಿಕೊಳ್ತೇನೆ. ಬೇರೆ ಎಂತಾದರೂ ಬರೆದರೆ ಕೇಸು ಆಗ್ತದೆ, ಕೆಲಸ ನಿಲ್ತದೆ. ಎಂಟು ಮನೆಯ ಅನ್ನ ಹೋಗ್ತದೆ, ನಿಮ್ಮವರದ್ದೇ. ಯೋಚನೆ ಮಾಡು. ಲಕ್ಕವ್ವನ ಮೇಲೆ ನನಗೆ ಎಂತ ದ್ವೇಷ ಉಂಟಾ? ಡ್ರಮ್ಮು ಕೊಟ್ಟವನು ನಾನು.”

ಶಾಯಿಯ ಡಬ್ಬಿ ಮುಂದೆ ಬಂತು. ಮಾನಪ್ಪನ ಹೆಬ್ಬೆಟ್ಟು ಮೇಲೆದ್ದಿತು. ಒಳಗೆ ಯಂತ್ರ ಲಕ್ಕವ್ವನ ಪರವಾಗಿ ಉಸಿರಾಡುವ ಸದ್ದು ಇಲ್ಲಿಗೂ ಕೇಳುತ್ತಿತ್ತು. ಕಾಗದ ಬೇಡವೆಂದರೆ ಆ ಯಂತ್ರಕ್ಕೆ ಯಾರು ಹೊಣೆ? ಹೆಬ್ಬೆಟ್ಟು ಶಾಯಿಯತ್ತ ಬಾಗಿತು.

“ಯಪ್ಪಾ, ಒತ್ತಬ್ಯಾಡ.”

ಯಾರು ಹೇಳಿದ್ದು ಎಂದು ಸರ್ವೋತ್ತಮರು ಹಿಂದೆ ತಿರುಗಿ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಮತ್ತೆ ಈಚೆ ನೋಡಿದರು. ಓಢಣಿ ಬೆರಳಿಗೆ ಸುತ್ತಿಕೊಂಡು ರಾಜಶ್ರೀ ನಿಂತಿದ್ದಳು.

“ಅವ್ವ ಕುಡದಿಲ್ಲ. ಅವ್ವಗ ಕುಡಿಸ್ಯಾರ.”

“ಹೋ, ಇದಕ್ಕೆ ಮಾತು ಬರ್ತದಾ?” ಎಂದರು ಸರ್ವೋತ್ತಮರು. ಮೊಬೈಲು ತೆಗೆದು ಹೆಡ್ ಸಾಹೇಬರ ಮುಂದೆ ಹಿಡಿದರು. “ನೋಡಿ ಸಾರ್. ಗ್ಲೌಸ್, ಮಾಸ್ಕ್, ಕನ್ನಡಕ. ಎಂಟು ಮಂದಿಗೂ ಕೊಟ್ಟಿದ್ದೇವೆ. ಓನರ್ ಹೆಬ್ಬೆಟ್ಟು ಕೂಡ ಹಾಕಿದ್ದಾರೆ. ಇದಕ್ಕಿಂತ ಹೆಚ್ಚು ಎಂತ ಮಾಡುವುದು?”

“ಹಿಂದ ನೋಡ್ರಿ” ಎಂದಳು ರಾಜಶ್ರೀ.

“ಎಂತ ಹಿಂದೆ?”

“ಫೋಟೋ ನಾನ ತಗದೇನಿ. ಮಾಲಕ್ಷ್ಮಕ್ಕನ ಹಿಂದ ನೋಡ್ರಿ.”

ಹೆಡ್ ಸಾಹೇಬರು ಎರಡು ಬೆರಳಿನಿಂದ ಫೋಟೋ ಹಿಗ್ಗಿಸಿದರು. ಮಹಾಲಕ್ಷ್ಮಿಯ ಎತ್ತಿದ ಕೈಗಳ ಹಿಂದೆ ಗುಂಡಿ ಇತ್ತು. ಗುಂಡಿಯೊಳಗೆ ಲಕ್ಕವ್ವ ಬರಿಗೈಯನ್ನು ಮೊಣಕೈವರೆಗೆ ಬಕೆಟ್ಟಿಗೆ ಇಳಿಸಿದ್ದಳು. ಮುಂದಿನ ಫೋಟೋದಲ್ಲಿ ಲಕ್ಕವ್ವ ಕೈಗವಸು ಹಾಕಿ ನಿಂತಿದ್ದಳು. ಹಿಂದೆ ಮಹಾಲಕ್ಷ್ಮಿ ಬರಿಗೈಯಲ್ಲಿ. ಎಲ್ಲ ಫೋಟೋಗಳಲ್ಲೂ ಒಬ್ಬಳಿಗೆ ಸೇಫ್ಟಿ, ಏಳು ಮಂದಿ ಹಿಂದೆ.

ಹೆಡ್ ಸಾಹೇಬರು ಮೊಬೈಲು ವಾಪಸು ಕೊಟ್ಟರು. ಹೇಳಿಕೆಯ ಕಾಗದವನ್ನು ಒಮ್ಮೆ ಮಡಚಿದರು. “ಆದರೂ ಸುರಿದ ಮಾತ್ರಕ್ಕೆ ಇಷ್ಟು ಆಗ್ತದಾ? ಹೊಟ್ಟೆಗೆ ಎಲ್ಲಿಂದ ಹೋಯಿತು?”

“ಸಾವ್ಕಾರ್ರು ಕೊಟ್ಟ ಡ್ರಮ್ಮಿನ್ಯಾಗಿಂದ್ರಿ. ನೀರ ಇನ್ನೂ ಐತಿ. ಡಾಕ್ಟ್ರಮ್ಮಾರು ತಪಾಸ ಮಾಡಸ್ತೇನಿ ಅಂದಾರ.”

ಸರ್ವೋತ್ತಮರು ಗಡಿಯಾರ ನೋಡಿಕೊಂಡರು. ಸೈಟಿನಲ್ಲಿ ಕಾಂಕ್ರೀಟು ಉಂಟು, ತಡವಾಯಿತು, ಎಂದರು. ಹೆಡ್ ಸಾಹೇಬರಿಗೂ ಹೇಳದೆ, ಮೆಟ್ಟಿಲಿಳಿಯುವಾಗ ಒಂದು ಮೆಟ್ಟಿಲು ತಪ್ಪಿ ಮುಗ್ಗರಿಸಿ, ಹೋದರು.

ಆ ದಿನ ಕಾಂಕ್ರೀಟು ಇರಲಿಲ್ಲ. ಕೆಲಸದವರೆಲ್ಲ ಲಕ್ಕವ್ವನ ಸುದ್ದಿ ಕಾಯುತ್ತಾ ಶೆಡ್ಡಿನಲ್ಲೇ ಇದ್ದರು. ರಾಜಶ್ರೀ ವರಾಂಡದ ಮೂಲೆಗೆ ಹೋಗಿ ಮಹಾಲಕ್ಷ್ಮಿಗೆ ಫೋನು ಹಚ್ಚಿದಳು.

“ಮಾಲಕ್ಷ್ಮಕ್ಕಾ, ಅವ್ವನ ಡ್ರಮ್ಮ ಬಿಡಬ್ಯಾಡ್ರಿ. ಸಾವ್ಕಾರ ಬರಾಕತ್ತಾನ. ಚೆಲ್ಲಾಕ ಕೊಡಬ್ಯಾಡ್ರಿ.”

“ಡ್ರಮ್ಮ? ಯಕ್ಕ ಹೆಂಗದಾಳ ಅದನ್ನ ಹೇಳ ಮದ್ಲ.”

“ಡ್ರಮ್ಮ ಇದ್ರ ಯಕ್ಕ ಇದ್ದಂಗ. ಮುಟ್ಟಬ್ಯಾಡ್ರಿ, ಕುಡೀಬ್ಯಾಡ್ರಿ, ಕೊಡಬ್ಯಾಡ್ರಿ.”

ಸರ್ವೋತ್ತಮರಿಗೆ ಪಿಕಪ್ಪು ಇತ್ತು. ರಾಜಶ್ರೀಗೆ ಮಂಗಳೂರಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸು. ಕಾಪುವಿನಲ್ಲಿ ಇಳಿದು, ಕಡಲ ಕಡೆಯ ರಸ್ತೆಯಲ್ಲಿ ಓಡಿ, ಶೆಡ್ಡಿನ ಸಾಲು ಮುಟ್ಟಿದಾಗ ಪಿಕಪ್ಪು ಆಗಲೇ ನಿಂತಿತ್ತು. ಲಕ್ಕವ್ವನ ಶೆಡ್ಡಿನ ಬಾಗಿಲಲ್ಲಿ ಏಳು ಹೆಂಗಸರು ಕೂತಿದ್ದರು. ನಡುವೆ ಕುಂಕುಮ ಹಚ್ಚಿದ ನೀಲಿ ಡ್ರಮ್ಮು. ಒಬ್ಬಳು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಒಬ್ಬಳು ಇನ್ನೊಬ್ಬಳ ತಲೆ ನೋಡುತ್ತಿದ್ದಳು. ಮದುವೆಯ ಮನೆಯಲ್ಲಿ ಹೆಣ್ಣಿನ ಸುತ್ತ ಕೂತಂತೆ ಕೂತಿದ್ದರು.

ಪಿಕಪ್ಪಿನ ಹಿಂದೆ ಎರಡು ಹೊಸ ಡ್ರಮ್ಮುಗಳಿದ್ದವು. ಕೆಂಪು ಬಣ್ಣದವು, ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿದ್ದಂಥವು.

“ಹಳೆಯದನ್ನು ಕೊಡಿ, ಇವೆರಡು ಇಟ್ಟುಕೊಳ್ಳಿ” ಎನ್ನುತ್ತಿದ್ದರು ಸರ್ವೋತ್ತಮರು. “ಒಂದಕ್ಕೆ ಎರಡು. ಯಾರು ಕೊಡ್ತಾರೆ?”

“ಹಳೇದೇನ ಕೆಟ್ಟೈತ್ರಿ ಸಾವ್ಕಾರ್ರ?” ಮಹಾಲಕ್ಷ್ಮಿ ಬೆಳ್ಳುಳ್ಳಿಯಿಂದ ಕಣ್ಣು ತೆಗೆಯಲಿಲ್ಲ. “ಸೋಪ ಹಾಕಿ ತೊಳದ್ರ ಆತು ಅಂದಿದ್ರಿ.”

“ಅದು ಸ್ವಲ್ಪ ಸರಿ ಇಲ್ಲ.”

“ನಿಮ್ಮ ಕುಕ್ಕುಂದೂರ ಮನ್ಯಾಗೂ ಐತಂತಲ್ರಿ? ಅದನ್ನ ತಂದ ಕೊಡ್ರಿ ಹಂಗಾರ. ಅದು ಸರಿ ಇರತೈತಿ.”

ಹೆಂಗಸರು ಸೆರಗಿನ ಮರೆಯಲ್ಲಿ ನಕ್ಕರು. ಸರ್ವೋತ್ತಮರು ಪಿಕಪ್ಪಿನ ಡ್ರೈವರನತ್ತ ನೋಡಿ, ಡ್ರಮ್ಮು ಎತ್ತು ಎಂದರು. ಡ್ರೈವರ್ ಕಜೆಟನ್ ಇಳಿದು ಬಂದ, ಡ್ರಮ್ಮನ್ನು ನೋಡಿದ, ಹೆಂಗಸರನ್ನು ನೋಡಿದ.

“ನನಗೆ ಬೆನ್ನುನೋವು ಉಂಟು ಧಣಿ” ಎಂದು ವಾಪಸು ಹೋಗಿ ಸೀಟಿನಲ್ಲಿ ಕೂತ.

ಕೊನೆಗೆ ಸರ್ವೋತ್ತಮರು ತಾವೇ ಮುಂದೆ ಬಂದರು. ಎರಡು ಹೆಜ್ಜೆ ಬಂದು ನಿಂತರು. ಪಿಕಪ್ಪಿಗೆ ತಿರುಗಿ ಹೋಗಿ, ಸೀಟಿನ ಹಿಂದೆ ಕೈ ಹಾಕಿ, ಒಂದು ಪ್ಲಾಸ್ಟಿಕ್ ಕವರು ತೆಗೆದರು. ಕವರಿನಿಂದ ಕೈಗವಸು ಹೊರಬಂತು. ಅದೇ ಜೊತೆ. ಎಡಗೈಗೆ ಹಾಕಿಕೊಂಡರು, ಬಲಗೈಗೆ ಹಾಕಿಕೊಂಡರು, ಒಂದೊಂದು ಬೆರಳನ್ನೂ ಎಳೆದು ಸರಿ ಮಾಡಿಕೊಂಡರು. ಆ ಮೇಲೆ ಮಾಸ್ಕು.

ಬೆಳ್ಳುಳ್ಳಿ ಸುಲಿಯುವ ಕೈ ನಿಂತಿತು. ಏಳು ಹೆಂಗಸರು ತಮ್ಮ ತಮ್ಮ ಕೈ ನೋಡಿಕೊಂಡರು. ಉಗುರಿನ ಸುತ್ತ ಕರಗಿದ ಚರ್ಮ, ಬೆರಳ ಸಂದಿಯಲ್ಲಿ ಎದ್ದ ಬಿಳಿ ಪೊರೆ. ಆ ಕೈಗವಸನ್ನು ಫೋಟೋಕ್ಕಲ್ಲದೆ ಬೇರೆ ಕೆಲಸಕ್ಕೂ ಹಾಕಿಕೊಳ್ಳಬಹುದು ಎಂಬುದನ್ನು ಅವರು ಅಂದೇ ಮೊದಲು ಕಂಡದ್ದು.

“ಸಾವ್ಕಾರ್ರ” ಎಂದಳು ರಾಜಶ್ರೀ ಹಿಂದಿನಿಂದ. “ಕೈ ಎರಡೂ ಮ್ಯಾಲ ಮಾಡ್ರಿ. ಗ್ಲೌಸ ಕಾಣಬೇಕಲ್ಲ?”

ಸರ್ವೋತ್ತಮರು ಗಕ್ಕನೆ ತಿರುಗಿದರು. ಮೊಬೈಲು ಕ್ಲಿಕ್ ಎಂದಿತು. ಮಾಸ್ಕು, ಕೈಗವಸು, ಹಿಂದೆ ನೀಲಿ ಡ್ರಮ್ಮು, ಡ್ರಮ್ಮಿನ ಸುತ್ತ ಬರಿಗೈಯ ಏಳು ಮಂದಿ. ರಾಜಶ್ರೀ ತೆಗೆದ ಫೋಟೋಗಳಲ್ಲೆಲ್ಲ ಅಷ್ಟು ಸ್ಪಷ್ಟವಾಗಿ ಬಂದದ್ದು ಇನ್ನೊಂದಿರಲಿಲ್ಲ. ದಿನದ ರೂಢಿಯಂತೆ ಅದನ್ನು ‘ಸೇಫ್ಟಿ ಫಸ್ಟ್’ ಗ್ರೂಪಿಗೆ ಕಳಿಸಿದಳು. ಅಬುಧಾಬಿಯಲ್ಲಿ ಅದನ್ನು ನೋಡಿದ ಗುರುತು ಬಂತು. ಹೆಬ್ಬೆಟ್ಟು ಮಾತ್ರ ಬರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ರಾಜಶ್ರೀಯ ನಂಬರನ್ನು ಗ್ರೂಪಿನಿಂದ ತೆಗೆದುಹಾಕಲಾಯಿತು. ಸೇಫ್ಟಿಯ ವಿಷಯದಲ್ಲಿ ಪ್ರಖ್ಯಾತರು ಎಷ್ಟು ಚುರುಕು ಎಂಬುದು ಆಗ ತಿಳಿಯಿತು.

“ಡಿಲೀಟ್ ಮಾಡು” ಎಂದರು ಸರ್ವೋತ್ತಮರು. “ನಾಳೆಯಿಂದ ನೀವು ಯಾರೂ ಕೆಲಸಕ್ಕೆ ಬರುವುದು ಬೇಡ. ಶೆಡ್ಡು ಖಾಲಿ ಮಾಡಿ.”

“ಬರೂದಿಲ್ರಿ” ಎಂದಳು ಮಹಾಲಕ್ಷ್ಮಿ ಎದ್ದು ಸೆರಗು ಬಿಗಿಯುತ್ತಾ. “ನಮಗ ಠಾಣೇದಾಗ ಕೆಲಸ ಐತಿ. ಯಕ್ಕ ಬಂದ ಮ್ಯಾಲ ಶೆಡ್ಡಿನ ಮಾತ. ಆ ಹೊಸಾ ಡ್ರಮ್ಮ ಎರಡೂ ಇಳಿಸಿ ಹೋಗ್ರಿ. ಬಂದ್ರ ಅಕೀಗೆ ನೀರ ಇಡಾಕ ಬೇಕಾಗತಾವ.”

ಕಜೆಟನ್ ಯಾರ ಅಪ್ಪಣೆಯನ್ನೂ ಕೇಳದೆ ಎರಡನ್ನೂ ಇಳಿಸಿದ. ಅವನ ಬೆನ್ನುನೋವು ಅಷ್ಟರಲ್ಲಿ ಗುಣವಾಗಿತ್ತು.

ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಹೆಂಗಸರು ಡ್ರಮ್ಮಿಗೆ ಹಗ್ಗ ಬಿಗಿದರು. ಬಿದಿರಿಗೆ ತೂಗುಹಾಕಿ ಇಬ್ಬಿಬ್ಬರಂತೆ ಹೆಗಲು ಬದಲಿಸುತ್ತಾ ಹೊತ್ತರು. ಹೆದ್ದಾರಿಯಲ್ಲಿ ಬಸ್ಸಿನವರು ಕಿಟಕಿಯಿಂದ ತಲೆ ಹಾಕಿ, ಎಂತ ದೇವರು ಮಾರಾಯ್ರೇ ಇದು, ಎಂದು ಕೇಳಿದರು. ಕುಂಕುಮ ಇತ್ತಲ್ಲ. ಠಾಣೆಯಲ್ಲಿ, ಇಂಥದ್ದನ್ನೆಲ್ಲ ಇಡಲು ಜಾಗ ಇಲ್ಲ ಎಂದರು. ಹೆಂಗಸರು ಅಂಗಳದಲ್ಲಿ ಡ್ರಮ್ಮಿನ ಸುತ್ತ ಕೂತರು. ಕತ್ತಲಾಗುವ ಮೊದಲು ಜಾಗ ಸಿಕ್ಕಿತು.

ಲಕ್ಕವ್ವ ಸಾಯಲಿಲ್ಲ. ಕೆಲವು ದಿನಗಳಾದ ಮೇಲೆ ಗಂಟಲ ಕೊಳವೆ ತೆಗೆದರು. ಮಾತು ಬಂತು, ಕಾಲು ಮಾತ್ರ ಇನ್ನೂ ಅವಳ ಮಾತು ಕೇಳುತ್ತಿರಲಿಲ್ಲ. ಕೇಳಬಹುದು, ಕೇಳದೆಯೂ ಇರಬಹುದು, ಎಂದರು ಡಾಕ್ಟರ್ ಲೊರ್ನಾ. ಡ್ರಮ್ಮಿನ ನೀರಿನ ವರದಿ ಇನ್ನೂ ಬಂದಿರಲಿಲ್ಲ. ಪರೀಕ್ಷೆ ಮಾಡುವ ಊರು ದೂರವಂತೆ. ಸರ್ವೋತ್ತಮರು ಹೊಸ ಹೆಂಗಸರನ್ನು ತಂದಿದ್ದರು. ಬಂಗಲೆಯ ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿತ್ತು. ಗೆದ್ದಲು ಹತ್ತಿರವೂ ಸುಳಿದಿರಲಿಲ್ಲ.

ಹೆಡ್ ಸಾಹೇಬರು ಅದೇ ಕಾಗದ ಹಿಡಿದು ಹಾಸಿಗೆಯ ಬಳಿ ಬಂದರು. ಡಾಕ್ಟರು ಪಕ್ಕದಲ್ಲಿ ನಿಂತರು. ಬಾಗಿಲಲ್ಲಿ ಮಹಾಲಕ್ಷ್ಮಿ ಮತ್ತು ಉಳಿದವರು, ಒಬ್ಬರ ಭುಜದ ಮೇಲೆ ಒಬ್ಬರು.

“ಹೇಳಮ್ಮ, ಜೀವನದಲ್ಲಿ ಜಿಗುಪ್ಸೆ ಆಗಿತ್ತಾ?”

“ಏನ್ರಿ?”

“ಬೇಜಾರು. ಬದುಕು ಸಾಕು ಅಂತ.”

ಲಕ್ಕವ್ವ ಅವರ ಮುಖವನ್ನೇ ನೋಡಿದಳು. ಅವಳ ಕಣ್ಣಿನ ಪಾಪೆ ಮೊದಲಿನ ಗಾತ್ರಕ್ಕೆ ಬಂದಿತ್ತು.

“ಬ್ಯಾಸರ ಆಗೂದಿದ್ರ ಮದ್ಲ ಆಗತಿತ್ರಿ ಸಾಹೇಬ್ರ. ಡ್ರಮ್ಮ ಬಂದ ಮ್ಯಾಲ ಯಾಕ ಆಗತೈತಿ?”

ಹೆಡ್ ಸಾಹೇಬರು ಪೆನ್ನು ತೆರೆದರು. ಕಾಗದವನ್ನು ಹಾಸಿಗೆಯ ಅಂಚಿನಲ್ಲಿಟ್ಟು ಒಂದು ಪದದ ಮೇಲೆ ಗೆರೆ ಎಳೆದರು. ಆ ಪದ ಹೋದ ಮೇಲೆ ಮುಂದಿನ ಸಾಲು ನಿಲ್ಲಲಿಲ್ಲ, ಅದನ್ನೂ ಹೊಡೆದರು. ಕಡೆಗೆ ‘ನನ್ನ ಹೆಂಡತಿ ಲಕ್ಕವ್ವಳು’ ಎಂಬುದಷ್ಟೇ ಉಳಿಯಿತು. ಹೊಸ ಕಾಗದ ತೆಗೆದರು.

“ಸರಿ. ಹೇಳು, ಮೊದಲಿನಿಂದ.”

ಲಕ್ಕವ್ವ ಮಗಳ ಕಡೆಗೆ ಕೈ ಚಾಚಿದಳು. ಗಂಟಲು ಇನ್ನೂ ಒರಟಾಗಿತ್ತು.

“ರಾಜೀ, ಡ್ರಮ್ಮ ಐತೇನ?”

“ಐತಿ ಯವ್ವಾ. ಠಾಣೇದಾಗ ಐತಿ. ಸೀಲ ಹಾಕ್ಯಾರ.”

“ಮುಚ್ಚಳಾ?”

“ಮುಚ್ಚಳಾನೂ ಐತಿ.”

ಲಕ್ಕವ್ವ ನೆಮ್ಮದಿಯಿಂದ ಕಣ್ಣು ಮುಚ್ಚಿದಳು. “ಹಂಗಾರ ಬರ್ಕೊಳ್ರಿ ಸಾಹೇಬ್ರ” ಎಂದಳು.